ಎರಡು ಮಿಲಿಮೀಟರ್

ಬಣ್ಣಗಳು ದಿಲ್ಲಿಯಿಂದ ಬರುತ್ತವೆ.
ಮನೆಗೆ ಹಳದಿ, ಅಂಗಡಿಗೆ ನೀಲಿ, ಕಾರಖಾನೆಗೆ ನೇರಳೆ,
ಶಾಲೆ ದವಾಖಾನೆ ಕಚೇರಿಗೆಲ್ಲ ಒಂದೇ ಕೆಂಪು.
ಶ್ರೀನಗರದ ಮನೆಗೂ ವಿಜಯಪುರದ ಮನೆಗೂ
ಅದೇ ಹಳದಿ, ಅಷ್ಟೇ ಹಳದಿ.
ರಾಷ್ಟ್ರೀಯ ನಗರ ಯೋಜನಾ ಕಚೇರಿಯ ಸುತ್ತೋಲೆ,
ಪುಟ ಹನ್ನೊಂದು, ಕೆಳಗೆ ದುಂಡು ಮೊಹರು.

ಈ ಸಲದ ನಕಾಶೆಯನ್ನು ಆಕಾಶದಿಂದಲೇ ತೆಗೆದಿದ್ದಾರೆ.
ಗೋಳಗುಮ್ಮಟ ಅಂಗಿಯ ಗುಂಡಿಯಷ್ಟು.
ಗಂಜುಗಳು, ಆ ಹಳೇ ನೀರಿನ ಗೋಪುರಗಳು,
ಸೂಜಿ ಚುಚ್ಚಿದ ಗುರುತು.
ಗೋಡೆಗೆ ಅಂಟಿಸಿ ಮೂವತ್ತು ದಿನ
ಬಾಗಿಲು ತೆರೆದಿಟ್ಟಿದ್ದೇವೆ: ಆಕ್ಷೇಪಣೆ ಇದ್ದವರು ಬರಲಿ.
ರಜಿಸ್ಟರು ನನ್ನ ಮುಂದೆ.

ಬರುತ್ತಾರೆ.
ತನ್ನ ಹಳದಿಯನ್ನು ನೀಲಿ ಮಾಡಿಕೊಡಿ ಅನ್ನುವವರೇ ಹೆಚ್ಚು;
ಅವರ ಕೈಯಲ್ಲಿ ಪೇಢೆಯ ಡಬ್ಬಿ.
ನೀಲಗಂಗವ್ವ ತಳಕೇರಿ ಕಾಯಿಪಲ್ಲೆ ಬುಟ್ಟಿ ಹೊರಗಿಟ್ಟು ಬಂದಳು.
‘ನಾ ಕುಂಡ್ರೂ ನೆರಳು ಇದರಾಗ ಎಲ್ಲೈತ್ರಿ?’
ಗಿಡ ತೋರಿಸಿದೆ.
‘ಗಿಡದ್ದಲ್ರೀ ಬಾಯಾರ, ನಾಕ ಗಂಟೆ ಮ್ಯಾಲಿಂದು.
ಅದು ಗೋಡಿ ನೆರಳು.’
ಆರು ಹುಡುಗರು ಸಹಿ ಮಾಡಿದ ಒಂದು ಅರ್ಜಿ:
‘ನಮ್ಮ ಬಯಲಿಗೆ ಹಸರ ಹಚ್ಚಬ್ಯಾಡ್ರಿ.
ಹಸರ ಹಚ್ಚಿದ್ರ ಬೇಲಿ ಬರ್ತೈತಿ,
ಬೇಲಿ ಬಂದ್ರ ವಾಚಮನ್ ಬರ್ತಾನ.’
ಬರೆದುಕೊಂಡೆ. ಕ್ರಮಸಂಖ್ಯೆ ನಲವತ್ತೇಳು.

ಇಪ್ಪತ್ತೊಂಬತ್ತನೇ ದಿನ ದಾವಲಮಲಿಕ ಟಾಂಗೆವಾಲೆ.
ಚಾಬೂಕು ಬಾಗಿಲಿಗೆ ಆನಿಸಿ, ಚಪ್ಪಲಿ ಕಳೆದು ಒಳಗೆ ಬಂದ
(ಕಚೇರಿಗೆ ಚಪ್ಪಲಿ ಕಳೆಯುವ ಕೊನೆಯ ತಲೆಮಾರು),
ಕೋಟೆಗೋಡೆಯಿಂದ ಬಾವಡಿಯ ಕಡೆ
ಬೆರಳು ಓಡಿಸುತ್ತ ಹೋಗಿ ಒಂದು ಕಡೆ ನಿಂತ.
‘ಇಲ್ಲಿ ರಸ್ತಾ ಹೊಳ್ಳತಿತ್ತು. ಈಗ ನೆಟ್ಟಗ ಆಗೇತಿ.
ಹೊಳ್ಳೂ ಜಾಗಾದಾಗ ನಮ್ಮ ಕುದರಿ ನಿಂದರತಾವ,
ಏಳು ಕುದರಿ, ಒಂದು ನೀರಿನ ತೊಟ್ಟಿ.
ಇನ್ನ ಅವು ಯಾವ ಬಣ್ಣದಾಗ ನಿಂದರಬೇಕ್ರಿ?’

ಆ ಡೊಂಕು ನನಗೆ ಗೊತ್ತು.

ಎಂಬತ್ತೊಂಬತ್ತರ ಮೇ. ಇಪ್ಪತ್ತೆರಡರ ಹುಡುಗಿ ನಾನು, ಟ್ರೇಸರ್.
ಕರೆಂಟು ಹೋಗಿತ್ತು. ಮಸಿಪೆನ್ನು, ಟೀ-ಸ್ಕ್ವೇರು,
ಉಸಿರು ಬಿಗಿಹಿಡಿದು ರಸ್ತೆ ಎಳೆಯುತ್ತಿದ್ದೆ.
ಹಣೆಯಿಂದ ಒಂದು ಹನಿ
ಹಸಿ ಗೆರೆಯ ಮೇಲೆ ಬಿದ್ದು ಅರಳಿತು.
ಬ್ಲೇಡಿನಿಂದ ಕೆರೆದೆ. ಹೆಚ್ಚೇ ಕೆರೆದೆ. ಕಾಗದ ತೂತಾಯಿತು.
ಐದಕ್ಕೆ ಸಾಹೇಬರ ಮೇಜಿಗೆ ಹೋಗಬೇಕು;
ತೂತನ್ನು ಬಳಸಿಕೊಂಡು ಹೋದೆ,
ಎರಡು ಮಿಲಿಮೀಟರ್.
ಯಾರೂ ಕೇಳಲಿಲ್ಲ. ಸಹಿ ಬಿತ್ತು. ಬೆಂಗಳೂರಿಗೆ ಹೋಯಿತು, ಬಂತು.
ಕಾಗದದ ಎರಡು ಮಿಲಿಮೀಟರ್
ನೆಲಕ್ಕಿಳಿದರೆ ಮೂವತ್ಮೂರು ಅಡಿ.
ರೋಲರು ಬಂದು ನನ್ನ ತಪ್ಪಿನ ಮೇಲೆ ಡಾಂಬರು ಹಾಸಿತು.

ಆಮೇಲೆ ಊರು ಅದಕ್ಕೆ ಕಾರಣ ಹುಡುಕಿತು.
ಅಡಿಯಲ್ಲಿ ಶರಣರ ಗದ್ದುಗೆ ಇದೆ ಅಂದರು.
ಗದ್ದುಗೆಯಲ್ಲ, ದರ್ಗಾ ಅಂದರು.
ಯಾರದೋ ಭಾವನ ಗೋದಾಮು ಉಳಿಸಲಿಕ್ಕೆ
ರಾತ್ರೋರಾತ್ರಿ ಬಗ್ಗಿಸಿದ್ದು ಅಂದರು, ಲೆಕ್ಕ ಸಮೇತ.
ಅಷ್ಟರಲ್ಲಿ ಕುದುರೆಗಳು ಬಂದು ನಿಂತಿದ್ದವು,
ಏನೂ ಕೇಳದೆ.

ಕಾಲಂ ಆರು: ಬದಲಾವಣೆಗೆ ಆಧಾರ.
ಮೂವತ್ತೇಳು ವರ್ಷ ಇದೇ ಕಾಲಮ್ಮಿನಲ್ಲಿ
‘ಸಾರ್ವಜನಿಕ ಹಿತದೃಷ್ಟಿಯಿಂದ’ ಅಂತ ಬರೆದಿದ್ದೇನೆ.
ಹೊರಗೆ ಅವನ ಕುದುರೆ
ಕಚೇರಿಯ ಬೋರ್ಡಿನ ಕೆಳಗೆ, ಅಪ್ಪಟ ಕೆಂಪಿನಲ್ಲಿ,
ಲದ್ದಿ ಹಾಕುತ್ತಿತ್ತು.
‘ಏನಂತ ಬರೀಲಿ?’ ಅಂದೆ.
‘ಇದ್ದದ್ದು ಬರೀರಿ ಬಾಯಾರ.’

ದಿಲ್ಲಿಯಲ್ಲಿ ಇದನ್ನು ತೆರೆಯುವ ಯಾವಳೋ ಹುಡುಗಿಗೂ
ಒಂದು ಹಣೆ ಇರುತ್ತದೆ, ಒಂದು ಮೇ ತಿಂಗಳಿರುತ್ತದೆ
ಅಂದುಕೊಂಡು ಪೆನ್ನಿನ ಮುಚ್ಚಳ ತೆಗೆದೆ:
‘ಇಲ್ಲಿ ಬೆವರು ಬಿದ್ದಿದೆ.’

ಸಹಿ, ದಿನಾಂಕ. ಕ್ರಮಸಂಖ್ಯೆ ನೂರ ಹದಿನಾಲ್ಕು.
ಅವನ ಹಿಂದೆ ನಿಂತವನ ಕೈಯಲ್ಲಿ
ಮತ್ತೊಂದು ಪೇಢೆಯ ಡಬ್ಬಿ.