ಬಿದ್ದ ಹಣ್ಣಿನ ಲೆಕ್ಕ

ಚಿಕ್ಕಜಾಜೂರಿನಲ್ಲಿ ಮೊದಲ ರೈಲು ಕೂಗುವ ಮೊದಲೇ
ಪುಟ್ಟಿ ಹಿಡಿದು ತೋಟಕ್ಕೆ ಇಳಿಯುತ್ತೇನೆ.
ಎಲ್ಲರೂ ಮರ ನೋಡಿ ಲೆಕ್ಕ ಹಾಕುತ್ತಾರೆ,
ನಾನು ನೆಲದಿಂದ.
ಅಳಿಲು ಕಡಿದು ಬಿಟ್ಟದ್ದು, ಗಿಳಿ ಕುಕ್ಕಿದ್ದು,
ಯಾರೂ ಮುಟ್ಟದೆ ತಾನೇ ಉದುರಿದ್ದು.
ಆ ಕೊನೆಯದರ ಮೇಲೇ ನನಗೆ ಅನುಮಾನ.
ಕೆನ್ನೆಯಲ್ಲಿ ಸೂಜಿಮೊನೆಯಷ್ಟು ಚುಕ್ಕಿ,
ಚುಕ್ಕಿಯ ಬಾಯಲ್ಲಿ ಒಂದು ಹನಿ ಅಂಟು:
ಹೆಣ್ಣುನೊಣ ಕೂತು ಎದ್ದ ಗುರುತು.

ಅದಕ್ಕೆ ಬೇಕಾದದ್ದು ಅರೆಗಳಿಗೆ.
ನನಗೆ ತಿಳಿಯಲು ಮೂರು ಬೆಳೆ ಹಿಡಿಯಿತು.

ಮೊದಲ ವರ್ಷ ದೃಷ್ಟಿ ಅಂದೆ,
ಬೇಲಿಗೆ ಹಳೇ ಚಪ್ಪಲಿ ಕಟ್ಟಿದೆ.
ಎರಡನೇ ವರ್ಷ ಔಷಧಿ ಹೊಡೆಸಿದೆ,
ಜೇನು ಸತ್ತವು, ನೊಣ ಉಳಿಯಿತು.
ಮೂರನೇ ವರ್ಷ ದಾವಣಗೆರೆ ಮಂಡಿಯಲ್ಲಿ
ರಹಮತ್ತುಲ್ಲಾ ಸಾಹೇಬರು ನನ್ನ ಕ್ರೇಟಿನಿಂದ ಒಂದು ಬಾದಾಮಿ ಎತ್ತಿ
ಚಾಕು ಹಾಕಿ ತೆರೆದರು,
ತೆರೆದದ್ದನ್ನು ಮೆಲ್ಲಗೆ ಮುಚ್ಚಿದರು.
ಬೈಯಲಿಲ್ಲ. "ಮನೆಗೆ ಒಯ್ಯಿರಿ ಅಕ್ಕ" ಎಂದರಷ್ಟೆ.
ಮೂವತ್ತೆರಡು ಕ್ರೇಟು ಲಗೇಜ್ ಆಟೋದಲ್ಲಿ
ದಾರಿಯುದ್ದಕ್ಕೂ ಘಮಘಮಿಸುತ್ತ ನನ್ನ ಜೊತೆ ಮರಳಿದವು.

ಈಗ ಎಕರೆಗೆ ಎಂಟು ಬಾಟಲಿ,
ಒಳಗೆ ಮದ್ದು ಕುಡಿದ ಮರದ ತುಂಡು.
ಇಲಾಖೆಯ ಹುಡುಗಿ ಇದಕ್ಕೆ ಮೋಹಕ ಬಲೆ ಅಂದಳು.
ಗಂಡುಗಳು ಮಾತ್ರ ಬರುತ್ತವಂತೆ, ವಾಸನೆ ನಂಬಿ.
ಶನಿವಾರ ಕೊಡವಿ ಎಣಿಸುತ್ತೇನೆ,
ಕ್ಯಾಲೆಂಡರಿನ ಚೌಕದಲ್ಲಿ ಬರೆಯುತ್ತೇನೆ:
ನೂರಾ ಹದಿನೇಳು. ಎಂಬತ್ತಾರು.
ಗಾಜಿನ ರೆಕ್ಕೆ, ಕಣಜದಂಥ ನಡು.
ಪಾಪ ಅನಿಸುವುದುಂಟು.
ಅನಿಸಿದ ಮೇಲೆ ಮುಂದಿನದನ್ನು ಎಣಿಸುತ್ತೇನೆ.

ಬಡಗಣ ಸಾಲಿನ ಬಾಟಲಿ ಮಾತ್ರ
ಯಾವ ವಾರವೂ ಇಳಿಯಲಿಲ್ಲ.
ಆಚೆ ಗಾದ್ರಪ್ಪನ ತೋಟ.
ಹಣ್ಣು ಬಿದ್ದಲ್ಲೇ ಕೊಳೆತು,
ಮಣ್ಣೊಳಗೆ ಕೆಂಪಕ್ಕಿಯಂಥ ಕೋಶಗಳು,
ನೊಣಕ್ಕೆ ಅದೇ ತವರು.
"ನನ್ನ ಮರ, ನನ್ನ ನೆಲ, ನನ್ನ ಕೊಳೆ" ಅಂದಿದ್ದ.
ಹೌದಪ್ಪ.
ನೊಣಕ್ಕೆ ಪಹಣಿ ಓದಲು ಬರುವುದಿಲ್ಲವಲ್ಲ.

ಒಂದು ನಸುಕಿನಲ್ಲಿ ತಂತಿ ದಾಟಿದೆ.
ಅವನ ಮರದಡಿ ಬಗ್ಗಿ ಆಯುತ್ತಿದ್ದೆ.
ಬೆನ್ನ ಮೇಲೆ ಟಾರ್ಚು ಬಿತ್ತು:
"ಕಳ್ಳತನಕ್ಕೆ ಇಳಿದ್ಯಾ?"
"ಬಾ ಇಲ್ಲಿ, ಕೈ ಚಾಚು" ಅಂದೆ.
ಆಯ್ದುದರಲ್ಲಿ ಚೆಂದದ್ದೊಂದನ್ನು
ಅವನ ಅಂಗೈ ಮೇಲಿಟ್ಟೇ ಹೋಳು ಮಾಡಿದೆ.
ಬಿಳಿ ಹುಳುಗಳು ಬಿಲ್ಲಾಗಿ ಬಾಗಿ ಚಿಮ್ಮಿದವು,
ಒಂದು ಅವನ ತೋಳಿಗೆ,
ಒಂದು ಟಾರ್ಚಿನ ಗಾಜಿಗೆ.
ಗಾಜಿನ ಮೇಲಿನದರ ನೆರಳು
ಮರದ ಕಾಂಡದ ಮೇಲೆ
ಹೆಬ್ಬಾವಿನಷ್ಟಾಗಿ ತೆವಳಿತು.
ಅವನು ಕೈ ಕೊಡವಲಿಲ್ಲ.
"ಮೊನ್ನೆ ಇದನ್ನೇ ಮೊಮ್ಮಗಳಿಗೆ ಹಿಂಡಿ ಕೊಟ್ನಲ್ಲ" ಅಂದ.

ಪುಟ್ಟಿಯ ಇನ್ನೊಂದು ಕಿವಿ ಅವನು ಹಿಡಿದ.
ತೊಡೆಮಟ್ಟ ಗುಂಡಿ ತೋಡಿ ಸುರಿದೆವು,
ಮಣ್ಣೆಳೆದು ತುಳಿದೆವು, ಇಬ್ಬರೂ, ಮಾತಿಲ್ಲದೆ.
ಹೊತ್ತೇರುವಾಗ ಅವನು ಮರದ ಬುಡಗಳಿಗೆ ಕುಂಟೆ ಹೊಡೆದ.
ಗೊರವಂಕಗಳು ಹಿಂದೆಯೇ ಬಂದವು,
ಬೀಗರೂಟಕ್ಕೆ ಬಂದಂತೆ.

ಅಂಗಡಿಗೆ ಹೋಗುವ ಜಾಯಮಾನ ಅವನದಲ್ಲ.
ನೀರಿನ ಬಾಟಲಿಗೆ ತೂತು ಕೊರೆದ,
ಹಿತ್ತಲ ತುಳಸಿ ಅರೆದು ಹಾಕಿ
ಎರಡು ಹನಿ ವಿಷ ಬೆರೆಸಿ ತೂಗುಬಿಟ್ಟ.
"ತುಳಸೀಲಿ ಕೊಲ್ಲೋದಾ?"
ಹೆಂಡತಿ ಪಾಲಕ್ಕ ಮೂರು ದಿನ ಮಾತು ಬಿಟ್ಟಳು.
ನಾಲ್ಕನೆಯ ದಿನ ಬಾಟಲಿ ಇಳಿಸಿ ಎಣಿಸಿದವಳು ಅವಳೇ.
ತಂತಿಯ ಆಚೆಯಿಂದ ಕೂಗಿ ಹೇಳಿದಳು:
"ನಲವತ್ತೊಂದು ಕಣಕ್ಕ!"

ಬಡಗಣ ಸಾಲಿನಲ್ಲಿ ಈ ಶನಿವಾರ ಒಂಬತ್ತು.
ಸೊನ್ನೆಗೆ ಕಾಯಬೇಡಿ ಎಂದಿದ್ದಾಳೆ ಹುಡುಗಿ.
ಆಚೆ ಸೀಬೆ ಇದೆ, ಅದರಾಚೆ ಸಪೋಟ,
ಅದರಾಚೆ ಯಾರದೋ ಊರು.

ಮನೆಯಲ್ಲಿ ಹಣ್ಣು ಕೊಯ್ಯುವಾಗ
ಈಗಲೂ ಬೆರಳಿಂದ ಮೊದಲು ಕೆನ್ನೆ ಸವರುತ್ತೇನೆ.
ನುಣುಪು.
ಆದರೂ ಮೊದಲ ಹೋಳು ಯಾರಿಗೂ ಕೊಡುವುದಿಲ್ಲ,
ನಾನೇ ತಿನ್ನುತ್ತೇನೆ,
ಬೆಳಕಿಗೆ ಹಿಡಿದು ನೋಡಿ.