ಭಾನುವಾರದ ಎಣ್ಣೆ

ಅಮ್ಮತ್ತಿಯ ತೋಟದಲ್ಲಿ ಕ್ಯಾಷಿಯರ್ ಆಗಿದ್ದವಳು
ಚೋಂದಮ್ಮ ದೊಡ್ಡಮ್ಮ.
ಶನಿವಾರ ವಿರಾಜಪೇಟೆ ಬ್ಯಾಂಕಿನಿಂದ
ಬಟವಾಡೆ ಹಣ ತರುವಾಗ ಕೈಚೀಲದಲ್ಲಿ
ಬಾಚಣಿಗೆ, ಎಲೆಅಡಿಕೆ, ರಿವಾಲ್ವರ್.

ಭಾನುವಾರ ಅದಕ್ಕೆ ಸ್ನಾನ.
ಹಳೇ ಸೀರೆಯ ಚೂರು,
ಹೊಲಿಗೆಯಂತ್ರದ ಎಣ್ಣೆ ಮೂರೇ ಹನಿ.
"ಉಜ್ಜಬೇಡ, ಒರೆಸು.
ನಿಕಲ್ ಅಂದರೆ ಬೆಳ್ಳಿಯಲ್ಲ ಮಗಾ,
ಹಾಲಿನ ಕೆನೆ. ಒಮ್ಮೆ ಕಿತ್ತರೆ ಮತ್ತೆ ಕೂರದು.
ಅಮೋನಿಯಾ ಮೂಗಿಗೆ ಬಡಿದರೆ ಆ ಸೀಸೆ ದೂರವಿಡು.
ಚರ್ಮದ ಚೀಲ ಹೊರಗೆ ಹೋಗುವಾಗ ಮಾತ್ರ;
ಅಳತೆ ಕೊಟ್ಟು ಹೊಲಿಸಿದ ಚೀಲವೇ
ಮಳೆಗಾಲದಲ್ಲಿ ಅದನ್ನು ತಿನ್ನುವುದು."
ಮದುವೆಯಾಗದ್ದಕ್ಕೆ ಅವಳು ಕೊಟ್ಟ ಕಾರಣವೂ
ಹೆಚ್ಚುಕಮ್ಮಿ ಇದೇ.

ಕೈಲ್‌ಪೊಳ್ದಿನ ದಿನ ಕೋವಿಗಳ ಸಾಲಿನ ಕೊನೆಗೆ ಅದು.
ತೋಕ್ ಪೂ ಸಿಕ್ಕಿಸಲು ಹೋದರೆ
ಮೂತಿ ಸಣ್ಣದು, ತೊಟ್ಟು ನಿಲ್ಲದು.
"ಹಂದಿಗೆ ತೋರಿಸಿದರೆ
ಮುಖ ನೋಡಿಕೊಂಡು ಹೋದೀತು"
ಎಂದು ಅಣ್ಣಂದಿರ ನಗು.

ದೊಡ್ಡಮ್ಮ ಹೋದಾಗ ಎರಡು ಗುಂಡು ಹಾರಿದ್ದು
ಉದ್ದದ ಕೋವಿಯಿಂದಲೇ.
ಇದು ಅಕ್ಕಿಡಬ್ಬದ ಪಕ್ಕ
ಫ್ಲಾನೆಲ್ ಸುತ್ತಿಕೊಂಡು ಸುಮ್ಮನಿತ್ತು.

ಈಗ ಭಾನುವಾರ ನನ್ನದು.
ಆರೂ ಮನೆ ಖಾಲಿಯೆಂದು ಎಣಿಸುತ್ತೇನೆ,
ಅವಳು ನೋಟು ಎಣಿಸಿದಂತೆ, ಎರಡು ಸಲ.
ಹೊಳಪಿನಲ್ಲಿ ನನ್ನ ಮೂಗು ಇಷ್ಟುದ್ದ.
ಹಿಡಿಯ ಬೆನ್ನಿನಲ್ಲಿ, ಅವಳ ಹೆಬ್ಬೆರಳು ಕೂರುತ್ತಿದ್ದಲ್ಲಿ
ನಿಕಲ್ ಸವೆದು, ಕಾಸಗಲ ಕಪ್ಪು ಉಕ್ಕು.
ನನ್ನದು ಅಲ್ಲಿಗೆ ಎಟಕುವುದಿಲ್ಲ, ಅವಳ ಕೈ ದೊಡ್ಡದು.
ಅಲ್ಲಿ ಮಾತ್ರ
ನಾಲ್ಕನೆಯ ಹನಿ.