ಅಳತೆ ಪುಸ್ತಕ

ಭದ್ರಾವತಿ ಹಳೇನಗರದ ಚಹಾದಂಗಡಿಯಲ್ಲಿ ಮಾತು:
ಕಾನ್ವೆಂಟಿನವರಿಗೇನಪ್ಪ, ಫಾರಿನ್ ದುಡ್ಡು.
ನಾನು ಬನ್ನು ಅದ್ದಿಕೊಂಡು ತಿನ್ನುತ್ತೇನೆ.
ಆ ಕಾಲರನ್ನು ಮೂರು ಸಲ ಮಗುಚಿ ಹೊಲಿದವನು ನಾನೇ.
ಹೇಳುವುದಿಲ್ಲ. ಮೈಯಳತೆ ದರ್ಜಿಯ ಬಾಯಿಂದ ಹೊರಬೀಳಬಾರದು.

ಇನ್ನೊಬ್ಬ: ದೇವತೆಗಳು ಕಣ್ರೀ,
ಅಪ್ಪನ ಕೆಲಸ ಹೋದ ವರ್ಷ ಫೀಸೇ ಕೇಳಲಿಲ್ಲ.
ಅದಕ್ಕೂ ಹೂಂ ಅನ್ನುವುದಿಲ್ಲ.
ನನ್ನ ಮೆಹರಾಜಳ ಅಂಗೈಯಲ್ಲಿ
ಸಿಸ್ಟರ್ ಅಪೊಲೋನಿಯಾರ ಸ್ಕೇಲು ಎರಡು ದಿನ ಕೆಂಪಗಿತ್ತು,
ಕ್ಲಾಸಿನಲ್ಲಿ ಮನೆಮಾತು ಆಡಿದ್ದಕ್ಕೆ.

ವರ್ಷ ವರ್ಷ ಕುಗ್ಗುತ್ತ ಬಂದರು ಸಿಸ್ಟರ್.
ಪ್ರತಿ ಜೂನಿಗೆ ಅಂಚು ಅರ್ಧ ಇಂಚು ಮೇಲೆ.
ಕತ್ತರಿಸಿಬಿಡಲಾ, ಭಾರ ಆಗುತ್ತೆ?
"ಬೇಡ ದಸ್ತಗೀರ್, ಒಳಗೇ ಮಡಚು.
ಮುಂದೆ ಬರುವವಳು ಉದ್ದ ಇದ್ದರೆ?"

ಬಂದರು. ಹೊನ್ನಾವರದ ಕಡೆಯವರು,
ನನ್ನಂಗಡಿಯ ಬಾಗಿಲಿಗೆ ತಲೆ ತಗ್ಗಿಸಿ.
ಅದೇ ನಿಲುವಂಗಿ.
ಬ್ಲೇಡಿನ ತುದಿಯಲ್ಲಿ ಬಿಚ್ಚಿದೆ
ಹನ್ನೊಂದು ಜೂನುಗಳನ್ನು.
ಮೇಲೆಲ್ಲ ಒಗೆದು ಒಗೆದು ಬೂದಿ;
ಕೆಳಗೆ ಅರ್ಧರ್ಧ ಇಂಚಿಗೂ ಬಣ್ಣ ಗಟ್ಟಿಯಾಗುತ್ತ
ಕಟ್ಟಕಡೆಗೆ
ಥಾನಿನಿಂದ ಈಗಷ್ಟೇ ಹರಿದ ನೀಲಿ.

ಇಸ್ತ್ರಿ ಎಷ್ಟು ಒತ್ತಿದರೂ ಗೆರೆ ಹೋಗಲಿಲ್ಲ.
ಇರಲಿ ಬಿಡಿ, ಅಂದರು.
ಕೂಲಿ ಕೊಟ್ಟು
ಚಿಲ್ಲರೆಯನ್ನು ಎರಡು ಸಲ ಎಣಿಸಿ ತೆಗೆದುಕೊಂಡರು.